ಮೀನಿನ ಐಸು, ಆಟಗಾರನ ಕಾಲು

ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಹೊತ್ತು ನಿಂತರೆ ಐಸು ಪುಡಿ ಮಾಡುವ ಯಂತ್ರದ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಪುಡಿ ಐಸು ಬೋಟಿಗೆ ಹೋಗುತ್ತದೆ, ಬಂಗಡೆ ತಾರ್ಲೆ ಜೊತೆ ವಾಪಸ್ ಬರುತ್ತದೆ. ಕಳೆದ ಚಳಿಗಾಲದಲ್ಲಿ ಅದೇ ಐಸಿನ ಎರಡು ಚೀಲ ಒಂದು ಕಬಡ್ಡಿ ಮೈದಾನದ ಹಿಂದೆ ಕಂಡಿತು. ಹೊನಲು ಬೆಳಕಿನ ಪಂದ್ಯ, ರಾತ್ರಿ ಒಂದು ಗಂಟೆ. ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅಂಕೋಲಾ ಕಡೆಯ ರೈಡರ್ ಹುಡುಗನೊಬ್ಬ ಎದೆಮಟ್ಟ ನೀರಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಹಲ್ಲು ಕಟಕಟ ಅನ್ನುತ್ತಿತ್ತು.

"ಏನೋ ಇದು?" ಅಂದೆ.

"ಪ್ರೊ ಕಬಡ್ಡಿಯವ್ರು ಹೀಗೇ ಮಾಡ್ತಾರೆ ಸರ್. ನೋವು ಹೋಗ್ತದೆ. ಬೆಳಿಗ್ಗೆ ಒಳಗೆ ಫೈನಲ್ ಉಂಟಲ್ಲ."

ನಮ್ಮ ಸೆಕೆಯ ಊರಲ್ಲಿ ಇದು ಸುಲಭದ ಕೆಲಸ ಅಲ್ಲ. ನಲ್ಲಿ ನೀರೇ 28 ಡಿಗ್ರಿ ಆಸುಪಾಸು ಇರುತ್ತದೆ. ನೂರು ಲೀಟರ್ ನೀರನ್ನು ಅಲ್ಲಿಂದ 12 ಡಿಗ್ರಿಗೆ ಇಳಿಸಲು ಲೆಕ್ಕದ ಪ್ರಕಾರ 17-18 ಕಿಲೋ ಐಸು ಬೇಕು. ಅದರೊಳಗೆ ಬಿಸಿ ಮೈಯ ಆಟಗಾರ ಇಳಿದರೆ ಇನ್ನೂ ಸ್ವಲ್ಪ ಜಾಸ್ತಿ. ಹುಡುಗರು ಈ ಲೆಕ್ಕ ಮಾಡಿರಲಿಲ್ಲ. ಎರಡು ಚೀಲ ಸುರಿದಿದ್ದರು, ಅಷ್ಟೆ.

ನನಗೆ ವಿಚಿತ್ರ ಅನ್ನಿಸಿದ್ದು ಬೇರೆ ಕಾರಣಕ್ಕೆ. ನಾನು ಬೆಳೆದದ್ದು ಶಿರಸಿ ಕಡೆ. ಅಲ್ಲಿ ಮೈಕೈ ನೋವು ಅಂದರೆ ಬಿಸಿನೀರು. ಕೊನೆಗೌಡ ಇಡೀ ದಿನ ಮರದಿಂದ ಮರಕ್ಕೆ ಹಾರಿ ಅಡಿಕೆ ಕೊನೆ ಇಳಿಸಿದ ಮೇಲೆ ಬಚ್ಚಲ ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಯುತ್ತಿತ್ತು. ಆಟ ಆಡಿ ಬಂದು ಬಾವಿಕಟ್ಟೆಯಲ್ಲೇ ತಲೆಗೆ ಕೊಡ ಸುರಿದುಕೊಂಡರೆ ಆಯಿ ಒಳಗಿಂದ ಕೂಗುತ್ತಿದ್ದಳು, "ತಣ್ಣೀರು ಹಾಕ್ಯಳಡ ಮಾಣಿ, ಮೈ ಹಿಡ್ಕತ್ತು!" ಹಾಗಾದರೆ ಇಷ್ಟು ತಣ್ಣಗಿರುವುದು ಆಟಗಾರರಿಗೆ ಒಳ್ಳೆಯದು ಅಂತ ಹೇಳಿದವರು ಯಾರು? ಯಾವಾಗ?

ಊತಕ್ಕೆ ತಂಪು ಇಡುವುದು ಹಳೆಯ ಸಂಗತಿ. ಗ್ರೀಸಿನ ಹಿಪೊಕ್ರೆಟಿಸನ ಹೆಸರಲ್ಲಿರುವ ಬರಹಗಳಲ್ಲೇ ಅದು ಇದೆ. 19ನೇ ಶತಮಾನದಲ್ಲಿ ಯೂರೋಪಿನ ಪ್ರೀಸ್ನಿಟ್ಸ್ ಎಂಬ ರೈತ ತಣ್ಣೀರಿನಿಂದಲೇ ಚಿಕಿತ್ಸೆ ಕೊಟ್ಟು ಹೆಸರು ಮಾಡಿದ. ಆಮೇಲೆ ಬಂದ ಜರ್ಮನಿಯ ಲೂಯಿಸ್ ಕೂನೆಯ ಸೊಂಟದ ಸ್ನಾನವನ್ನು ಗಾಂಧೀಜಿ ಸ್ವತಃ ಮಾಡುತ್ತಿದ್ದರು, ಬೇರೆಯವರಿಗೂ ಮಾಡಿಸುತ್ತಿದ್ದರು. ಇದರಲ್ಲೆಲ್ಲ ಆಟದ ಮಾತಿಲ್ಲ.

ಆಟದ ಮೈದಾನಕ್ಕೆ ಐಸು ಬೇರೂರಿದ್ದು 1978ರಿಂದ ಅನ್ನಬಹುದು. ಆ ವರ್ಷ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಪೆಟ್ಟಾದಾಗ ಮಾಡಬೇಕಾದ ನಾಲ್ಕು ಕೆಲಸ ಹೇಳಿದರು. ವಿಶ್ರಾಂತಿ ಕೊಡು, ಐಸು ಇಡು, ಪಟ್ಟಿ ಬಿಗಿ, ಪೆಟ್ಟಾದ ಭಾಗ ಎತ್ತಿ ಇಡು. ಇಂಗ್ಲಿಷಿನ ಮೊದಲಕ್ಷರ ಸೇರಿಸಿದರೆ 'ರೈಸ್'. ಬಾಯಿಪಾಠಕ್ಕೆ ಸುಲಭ, ಹಾಗಾಗಿ ಜಗತ್ತಿನ ಎಲ್ಲ ಪಿ.ಟಿ. ಮಾಸ್ತರರ ಬಾಯಲ್ಲೂ ಬಂತು. ನಮ್ಮ ಶಾಲೆಗೂ ಬಂತು, ಅರ್ಧ ಮಾತ್ರ. ವಾಲಿಬಾಲ್ ಆಡುವಾಗ ನನ್ನ ಕಾಲು ಉಳುಕಿದಾಗ ಐಸ್‌ಕ್ಯಾಂಡಿ ಡಬ್ಬಿಯಿಂದ ಐಸು ತಂದು ಬಟ್ಟೆ ಸುತ್ತದೆ ನೇರ ಚರ್ಮಕ್ಕೆ ಒತ್ತಿ ಹಿಡಿದರು. ಉಳುಕು ವಾರದಲ್ಲಿ ಹೋಯಿತು, ಚರ್ಮ ಸುಟ್ಟ ಕಲೆ ಮಳೆಗಾಲದವರೆಗೂ ಇತ್ತು.

ಅದೇ 1978ರಲ್ಲಿ ಜಪಾನಿನಲ್ಲಿ ಇನ್ನೊಂದು ಕತೆ ಶುರುವಾಯಿತು. ತೋಶಿಮಾ ಯಾಮಾವುಚಿ ಎಂಬ ವೈದ್ಯರು ಸಂಧಿವಾತದ ರೋಗಿಗಳನ್ನು ಭಯಂಕರ ತಣ್ಣಗಿನ ಕೋಣೆಯೊಳಗೆ ಸ್ವಲ್ಪ ಹೊತ್ತು ನಿಲ್ಲಿಸಿದರು. ಹೊರಗೆ ಬಂದವರಿಗೆ ನೋವು ಕಡಿಮೆ ಅನ್ನಿಸಿತು, ಗಂಟುಗಳು ಸ್ವಲ್ಪ ಸಡಿಲವಾದವು. ಆ ಹೊತ್ತಲ್ಲಿ ವ್ಯಾಯಾಮ ಮಾಡಿಸುವುದು ಸುಲಭ ಆಯಿತು. ಕ್ರಯೋ ಚೇಂಬರ್ ಅಂತ ಇವತ್ತು ಕರೆಯುವ ಕೋಣೆಯ ಹುಟ್ಟು ಇದು. ನನಗೆ ಈ ಇಡೀ ಚರಿತ್ರೆಯಲ್ಲಿ ಇದೇ ಮುಖ್ಯ ಅನ್ನಿಸುತ್ತದೆ. ಅದು ಹುಟ್ಟಿದ್ದು ಗಂಟು ಹಿಡಿದ ರೋಗಿಗಳ ನೋವು ತಗ್ಗಿಸಲು. ದಣಿದ ಸ್ನಾಯು ಬೇಗ ಚೇತರಿಸಲಿ ಅಂತ ಅಲ್ಲ.

ಜಪಾನಿನಿಂದ ಅದು ಜರ್ಮನಿಗೆ, ಅಲ್ಲಿಂದ ಪೋಲೆಂಡಿಗೆ ಹೋಯಿತು. ಪೋಲೆಂಡಿನ ಸ್ಪಾವಾ ಎಂಬಲ್ಲಿ ಒಲಿಂಪಿಕ್ ತರಬೇತಿ ಕೇಂದ್ರವಿದೆ. ಅಲ್ಲಿ ಕೋಣೆ ಬಂದ ಮೇಲೆ ಆಟಗಾರರ ಸಾಲು ಶುರು. ಮೈನಸ್ 110 ಡಿಗ್ರಿಗಿಂತ ಕೆಳಗೆ, ಎರಡು ಮೂರು ನಿಮಿಷ. ಮೈಮೇಲೆ ಚಡ್ಡಿ, ಕೈಗೆ ಗವಸು, ಕಿವಿಗೆ ಪಟ್ಟಿ, ಕಾಲಿಗೆ ಚೀಲ, ಮೂಗಿಗೆ ಮಾಸ್ಕು. 2011ರ ರಗ್ಬಿ ವಿಶ್ವಕಪ್ಪಿಗೆ ಮೊದಲು ವೇಲ್ಸ್ ತಂಡ ಅಲ್ಲಿ ಹೋಗಿ ಬೆವರು ಸುರಿಸಿ, ಕೋಣೆಯಲ್ಲಿ ನಡುಗಿ ಬಂತು. ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ತನಕ ಹೋಯಿತು. ಕೋಣೆಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ಡ್ರಮ್ಮಿನ ಕಡೆಗೂ ಇಂಥದ್ದೇ ಒಂದು ಜಾಹೀರಾತು ಆಗಲೇ ಸಿಕ್ಕಿತ್ತು. 2002ರಲ್ಲಿ ಮ್ಯೂನಿಕ್‌ನ ಯೂರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 10,000 ಮೀಟರ್ ಓಟ ಗೆದ್ದರು. ಕೇಳಿದವರಿಗೆ ಐಸ್ ಸ್ನಾನದ ಗುಟ್ಟು ಹೇಳಿದರು. ಗೆದ್ದವರ ಮಾತಲ್ವಾ, ಓಡುವವರೆಲ್ಲ ಟಬ್ಬಿಗೆ ಐಸು ಸುರಿಯತೊಡಗಿದರು. ನಮ್ಮಲ್ಲಿ 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ಆಟಗಾರರು ಟಬ್ಬಿನಲ್ಲಿ ಕೂತ ವಿಡಿಯೊಗಳು ಅಂಕೋಲಾದ ಹುಡುಗನ ಮೊಬೈಲಿಗೂ ಬಂದವು.

ಒಳಗೆ ಆಗುವುದೇನು? ತಣ್ಣಗಾದಾಗ ಚರ್ಮದ ರಕ್ತನಾಳ ಸಂಕುಚಿತವಾಗುತ್ತವೆ. ನರಗಳ ಮೂಲಕ ನೋವಿನ ಸುದ್ದಿ ನಿಧಾನ ಹೋಗುತ್ತದೆ. ಕತ್ತಿನ ಮಟ್ಟ ನೀರಿದ್ದರೆ ನೀರಿನ ಒತ್ತಡವೂ ಕಾಲನ್ನು ಸುತ್ತಲಿಂದ ಹಿಂಡುತ್ತದೆ. ಮೈನಸ್ 110 ಅಂದ ಕೂಡಲೇ ಮಂಜುಗಡ್ಡೆ ನೀರಿಗಿಂತ ಹತ್ತು ಪಟ್ಟು ಕೆಲಸ ಅಂತ ಅನ್ನಿಸುತ್ತದೆ, ಆದರೆ ಹಾಗಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಕೋಣೆಯ ಗಾಳಿ ಚರ್ಮವನ್ನು ಥಟ್ಟನೆ ತಣ್ಣಗೆ ಮಾಡುತ್ತದೆ. ಆಳದ ಸ್ನಾಯುವಿನ ಶಾಖ ಮಾತ್ರ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಅಷ್ಟನ್ನು ಡ್ರಮ್ಮೂ ಮಾಡುತ್ತದೆ. ಹಾಗಾಗಿ ಕೋಣೆ ಅಂದರೆ ದುಬಾರಿ ಡ್ರಮ್ಮು ಅಂತ ನನ್ನ ಅಭಿಪ್ರಾಯ.

ಅಪಾಯ ಮಾತ್ರ ಜಾಸ್ತಿ. ಕೆಲವು ಕೋಣೆಗಳು ಕರೆಂಟಿನಿಂದ ತಣ್ಣಗಾಗುತ್ತವೆ. ತಲೆ ಹೊರಗೆ ಇಟ್ಟು ನಿಲ್ಲುವ ಪೆಟ್ಟಿಗೆಗಳಿಗೆ ದ್ರವ ಸಾರಜನಕ ಬೇಕು. ಹಸು ಕಟ್ಟಿದವರಿಗೆ ಇದು ಗೊತ್ತಿರುವ ವಸ್ತು. ಇಂಜೆಕ್ಷನ್ ಕೊಡಲು ಬರುವ ಪಶು ಡಾಕ್ಟ್ರು ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಬರುತ್ತದಲ್ಲ, ಅದೇ. ಮೈನಸ್ 196 ಡಿಗ್ರಿ. ಮುಚ್ಚಿದ ಜಾಗದಲ್ಲಿ ಅದು ಆವಿಯಾದರೆ ಆಮ್ಲಜನಕವನ್ನು ಪಕ್ಕಕ್ಕೆ ತಳ್ಳುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಉಸಿರು ಕಟ್ಟುವುದೂ ತಿಳಿಯುವುದಿಲ್ಲ. 2015ರಲ್ಲಿ ಅಮೆರಿಕದ ಲಾಸ್ ವೇಗಸ್ ಹತ್ತಿರ ಇಂಥ ಕೇಂದ್ರವೊಂದರ ಕೆಲಸದಾಕೆ ಬಾಗಿಲು ಹಾಕಿದ ಮೇಲೆ ಒಬ್ಬಳೇ ಒಳಗೆ ಹೋಗಿ ಜೀವ ಕಳೆದುಕೊಂಡಳು. ಮರುವರ್ಷ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ, ಇಂಥ ಯಾವ ಯಂತ್ರಕ್ಕೂ ಚಿಕಿತ್ಸೆಯ ಒಪ್ಪಿಗೆ ಕೊಟ್ಟಿಲ್ಲ ಅಂತ ಎಚ್ಚರಿಸಿತು.

ಅಮೆರಿಕದ ಓಟಗಾರ ಜಸ್ಟಿನ್ ಗ್ಯಾಟ್ಲಿನ್ ಕತೆ ಸಣ್ಣದು, ಆದರೆ ನೆನಪಿಡುವಂಥದ್ದು. 2011ರ ವಿಶ್ವ ಚಾಂಪಿಯನ್‌ಶಿಪ್‌ಗೆ ಮೊದಲು ಬೆವರಿನಿಂದ ಒದ್ದೆಯಾದ ಕಾಲುಚೀಲದಲ್ಲೇ ಕೋಣೆಗೆ ಹೋದರು. ಚೀಲ ಪಾದಕ್ಕೆ ಹೆಪ್ಪುಗಟ್ಟಿತು. ದಕ್ಷಿಣ ಕೊರಿಯಾದ ಟ್ರ್ಯಾಕಿಗೆ ಇಳಿದಾಗ ಪಾದದಲ್ಲಿ ಹಿಮದ ಹುಣ್ಣು. 100 ಮೀಟರ್ ಸೆಮಿಫೈನಲ್‌ನಲ್ಲೇ ಹೊರಗೆ ಬಿದ್ದರು. ನಮ್ಮ ಕರಾವಳಿಯಲ್ಲಿ ಬೆವರು ಆರುವುದೇ ಇಲ್ಲ, ಇಲ್ಲಿ ಇಂಥ ಕೋಣೆ ತೆರೆಯುವವರು ಮೊದಲು ಟವೆಲ್ಲಿನ ರಾಶಿ ಇಡಬೇಕು.

ಇಷ್ಟೆಲ್ಲ ಆಗುವಾಗ ಪರೀಕ್ಷೆ ಮಾಡುವವರು ಏನು ಹೇಳಿದರು? ಜಗತ್ತಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗುವ ಕಾಕ್ರೇನ್ ಸಂಸ್ಥೆ 2012ರಲ್ಲಿ ತಣ್ಣೀರಿನ ಮುಳುಗನ್ನು ನೋಡಿತು. 17 ಸಣ್ಣ ಪ್ರಯೋಗ, 366 ಜನ. ಸುಮ್ನೆ ಕೂತವರಿಗಿಂತ ಐಸಲ್ಲಿ ಕೂತವರಿಗೆ ಮುಂದಿನ ಎರಡು ಮೂರು ದಿನದ ನೋವು ಕಡಿಮೆ ಇತ್ತು. ಕೋಣೆಯ ಬಗ್ಗೆ 2015ರಲ್ಲಿ ನೋಡಿದಾಗ ಸಿಕ್ಕಿದ್ದು ನಾಲ್ಕೇ ಪ್ರಯೋಗ, 64 ಜನ. ಹೌದು ಅಥವಾ ಇಲ್ಲ ಅನ್ನಲು ಅಷ್ಟು ಸಾಲಲಿಲ್ಲ.

ಆಸ್ಟ್ರೇಲಿಯಾದವರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಜೋರಾಗಿ ದಣಿಸಿದ ಮೇಲೆ ಒಂದು ಗುಂಪನ್ನು ತಣ್ಣೀರಲ್ಲಿ ಕೂರಿಸಿದರು, ಇನ್ನೊಂದನ್ನು ಬೆಚ್ಚಗಿನ ನೀರಲ್ಲಿ. ಮೂರನೆಯದೂ ಬೆಚ್ಚಗಿನ ನೀರೇ, ಆದರೆ ಅದಕ್ಕೆ ಮುಖ ತೊಳೆಯುವ ಸೋಪು ಹಾಕಿ, ಚೇತರಿಕೆಗೆ ಅಂತಲೇ ಮಾಡಿದ ವಿಶೇಷ ಎಣ್ಣೆ ಇದು ಎಂದು ನಂಬಿಸಿದರು. ಸೋಪಿನ ನೀರಿನವರ ಕಾಲಿನ ಬಲ ಐಸಿನವರಷ್ಟೇ ಚೆನ್ನಾಗಿ ವಾಪಸ್ ಬಂತು! ನಮ್ಮ ಆಯಿಯ ಲಕ್ಕಿ ಸೊಪ್ಪಿಗೂ ಇದರಲ್ಲಿ ಸ್ವಲ್ಪ ಪಾಲು ಇದ್ದೀತು.

ಮಿರ್ಕಿನ್ ಕೂಡ 2014ರಲ್ಲಿ ತಮ್ಮ ಮಾತನ್ನು ತಿದ್ದಿಕೊಂಡರು. ಐಸು ಗುಣವಾಗುವುದನ್ನು ತಡ ಮಾಡಬಹುದು ಎಂದು ಬರೆದರು. ಕಾರಣ ಇಷ್ಟೇ: ಪೆಟ್ಟಾದಾಗ, ದಣಿದಾಗ ಬರುವ ಊತವೂ ಕಾವೂ ದೇಹದ ದುರಸ್ತಿ ಕೆಲಸದ ಭಾಗ. ಅದನ್ನು ತಣ್ಣಗೆ ಮಾಡಿದರೆ ದುರಸ್ತಿಯೂ ನಿಧಾನ. ಮರುವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ 21 ಗಂಡಸರು 12 ವಾರ ತೂಕ ಎತ್ತಿದರು. ಪ್ರತಿ ಸಲ ಆದ ಮೇಲೆ ಹತ್ತು ನಿಮಿಷ ತಣ್ಣೀರಲ್ಲಿ ಕೂತವರಿಗಿಂತ ಹಗುರಾಗಿ ಸೈಕಲ್ ತುಳಿದವರ ಸ್ನಾಯು, ಬಲ ಎರಡೂ ಜಾಸ್ತಿ ಬೆಳೆದವು.

ಅಂದರೆ ಸಂಜೆ ಒಂದು ಪಂದ್ಯ, ಬೆಳಿಗ್ಗೆ ಇನ್ನೊಂದು ಅನ್ನುವಾಗ ಡ್ರಮ್ಮಿಗೆ ಅರ್ಥ ಇದೆ. ಆಗ ಬೇಕಾದದ್ದು ನೋವು ಸ್ವಲ್ಪ ಸುಮ್ಮನಿರುವುದು. ಮಳೆಗಾಲದ ನಾಲ್ಕು ತಿಂಗಳು ಜಿಮ್ಮಿನಲ್ಲಿ ತೊಡೆ ಬೆಳೆಸುವ ಹುಡುಗ ದಿನಾ ಐಸಲ್ಲಿ ಕೂತರೆ ಬೆಳೆದದ್ದನ್ನು ತಾನೇ ಕತ್ತರಿಸಿದ ಹಾಗೆ. ಹೃದಯದ ತೊಂದರೆ ಇದ್ದವರಂತೂ ಡಾಕ್ಟರನ್ನು ಕೇಳದೆ ಹತ್ತಿರ ಹೋಗಬಾರದು. ಥಟ್ಟನೆ ತಣ್ಣೀರಿಗೆ ಇಳಿದಾಗ ಉಸಿರು, ಎದೆಬಡಿತ, ರಕ್ತದೊತ್ತಡ ಎಲ್ಲ ಒಮ್ಮೆಲೇ ಏರುತ್ತವೆ.

ಆ ಹುಡುಗ ಫೈನಲ್ ಸೋತ. ಎರಡು ವಾರದ ಮೇಲೆ ಅಂಕೋಲಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಇದನ್ನೆಲ್ಲ ಹೇಳಿದೆ. ಕ್ರಯೋ ಕೋಣೆಗಳ ವಿಷಯವನ್ನೂ ಹೇಳಿದೆ. ಬಾಯಿ ತೆರೆದು ಕೇಳಿದ.

"ಕಾಲು ನೋವು ಕಡ್ಮೆ ಆಗಿತ್ತಾ ಹಾಗಾದ್ರೆ?" ಅಂದೆ.

"ಆಗಿತ್ತು ಸರ್. ಬಂಗಡೆ ವಾಸನೆ ಮಾತ್ರ ಎರಡು ದಿನ ಹೋಗ್ಲಿಲ್ಲ."