ನಿಲ್ಲಿಸಿದ ಹೈಬ್ರಿಡ್ ಕಾರಿನ ಬ್ಯಾಟರಿ ತಾನಾಗಿ ಇಳಿಯುವುದೇಕೆ?

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿ ನಮ್ಮ ಮನೆ. ಸ್ಟ್ರಾಂಗ್ ಹೈಬ್ರಿಡ್ (ಇಂಜಿನ್ ಜತೆಗೆ ಬ್ಯಾಟರಿ ಮೋಟಾರಿನಿಂದಲೂ ಓಡುವ) ಕಾರನ್ನು ಎಂಟು-ಹತ್ತು ದಿನ ಮನೆಯಲ್ಲಿ ನಿಲ್ಲಿಸಿ ಪರ ಊರಿಗೆ ಹೋಗಿ ಬಂದರೆ ಅದು ಚಾಲೂ ಆಗುವುದೇ ಇಲ್ಲ. ಕಳೆದ ವರ್ಷವಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಅಷ್ಟು ದೊಡ್ಡ ಬ್ಯಾಟರಿ ಇದ್ದೂ ಕಾರು ಹೀಗೇಕೆ ಮಾಡುತ್ತದೆ? ಮತ್ತೆ ಬ್ಯಾಟರಿ ಬದಲಿಸಬೇಕೆ?

ಉತ್ತರ: ಈಗಲೇ ಬದಲಿಸಬೇಡಿ. ಕಾರು ನಿಂತಿರುವಾಗ ಎಷ್ಟು ಕರೆಂಟ್ ಎಳೆಯುತ್ತಿದೆ ಎಂಬುದನ್ನು ಮೊದಲು ಅಳೆಸಿರಿ.

ಕಾರನ್ನು ಓಡಿಸುವ ದೊಡ್ಡ ಬ್ಯಾಟರಿ ಬೇರೆ, ಅದನ್ನು ಎಬ್ಬಿಸುವ 12 ವೋಲ್ಟ್‌ನ ಸಣ್ಣ ಬ್ಯಾಟರಿ ಬೇರೆ. ಕಾರು ಬಂದ್ ಆದೊಡನೆ ದೊಡ್ಡ ಬ್ಯಾಟರಿಯನ್ನು ರಿಲೇಗಳು (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್‌ಗಳು) ಸುರಕ್ಷತೆಗಾಗಿ ಉಳಿದ ವ್ಯವಸ್ಥೆಯಿಂದ ಬೇರ್ಪಡಿಸುತ್ತವೆ. ಅವು ಮತ್ತೆ ಕೂಡಿಕೊಳ್ಳಬೇಕಾದರೆ ಸಣ್ಣ ಬ್ಯಾಟರಿಯ ಶಕ್ತಿಯೇ ಬೇಕು. ಆದ್ದರಿಂದ ದೊಡ್ಡದು ತುಂಬಿದ್ದರೂ ಸಣ್ಣದು ಇಳಿದಿದ್ದರೆ ಕಾರು ಏಳುವುದಿಲ್ಲ. ಇಂಜಿನ್ ತಿರುಗಿಸುವ ಭಾರ ಅದರ ಮೇಲಿಲ್ಲದ ಕಾರಣ ಹಲವು ಮಾದರಿಗಳಲ್ಲಿ ಅದು 35ರಿಂದ 45 ಆಂಪಿಯರ್-ಅವರ್‌ನಷ್ಟು (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ) ಚಿಕ್ಕದಾಗಿರುತ್ತದೆ.

ನಿಂತ ಕಾರಿನಲ್ಲಿಯೂ ಕಳ್ಳತನದ ಅಲಾರಂ, ಕೀಲಿಯ ಸಂಕೇತ ಹಿಡಿಯುವ ರಿಸೀವರ್, ಕಂಪ್ಯೂಟರ್‌ಗಳ ನೆನಪು ಇವೆಲ್ಲ ಸೇರಿ ಸಾಮಾನ್ಯವಾಗಿ 20ರಿಂದ 50 ಮಿಲಿ ಆಂಪಿಯರ್ ಎಳೆಯುತ್ತವೆ. 50 ಮಿಲಿ ಆಂಪಿಯರ್ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, 40ರ ಬ್ಯಾಟರಿ ಪೂರ್ತಿ ಬರಿದಾಗಲು ತಿಂಗಳು ಹಿಡಿಯುತ್ತದೆ. ತುಂಬಿದ ಬ್ಯಾಟರಿಯೇ ಒಂಬತ್ತು ದಿನಕ್ಕೆ ಬರಿದಾಗುತ್ತಿದ್ದರೆ ಸುಮಾರು 180 ಮಿಲಿ ಆಂಪಿಯರ್ ಹರಿಯುತ್ತಿದೆ ಎಂದಾಯಿತು. ಅಷ್ಟು ಸೋರಿಕೆ ಇರುವಲ್ಲಿ ಹೊಸ ಬ್ಯಾಟರಿಯೂ ಉಳಿಯುವುದಿಲ್ಲ.

ಆದರೆ ಬ್ಯಾಟರಿ ತುಂಬಿಯೇ ಇತ್ತೆಂದು ಹೇಗೆ ನಂಬುವುದು? ಇಡೀ ರಾತ್ರಿ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಇಲ್ಲವೇ ಹೆಚ್ಚು ತೋರಿಸಬೇಕು, 12.2 ತೋರಿಸಿದರೆ ಅರ್ಧ ಇಳಿದಿದೆ. ಡ್ಯಾಶ್‌ಬೋರ್ಡ್‌ನಲ್ಲಿ ರೆಡಿ ಎಂಬ ದೀಪ ಹೊತ್ತಿದಾಗ ಅದೇ ಟರ್ಮಿನಲ್‌ಗಳಲ್ಲಿ ಸುಮಾರು 14 ವೋಲ್ಟ್ ಬರಬೇಕು. ಬಾರದಿದ್ದರೆ ದೋಷ ಇರುವುದು ಸಣ್ಣ ಬ್ಯಾಟರಿಗೆ ಚಾರ್ಜ್ ಕೊಡುವ ಡಿಸಿ ಕನ್ವರ್ಟರ್ ಕಡೆಗೆ. ನವನಗರದಿಂದ ಹಳೆ ಬಾಗಲಕೋಟೆಯ ಪೇಟೆಗೆ ಹೋಗಿಬರುವಷ್ಟೇ ಓಡಾಟವಿದ್ದರೆ ಇಳಿದದ್ದು ಪೂರ್ತಿ ತುಂಬುವುದಿಲ್ಲ. ನಮ್ಮ ಕಡೆಯ 40 ಡಿಗ್ರಿಯ ಬೇಸಿಗೆ ಬ್ಯಾಟರಿಯ ಆಯುಷ್ಯವನ್ನೂ ಕಡಿಮೆ ಮಾಡುತ್ತದೆ.

ಈ ಎರಡು ವೋಲ್ಟ್ ಅಂಕೆಗಳೂ ಸರಿಯಿದ್ದರೆ ಸಣ್ಣ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ನಡುವೆ ಮೀಟರ್ ಸೇರಿಸಿ ಕರೆಂಟ್ ಅಳೆಯಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ, ಏಕೆಂದರೆ ಕಾರು ಬಂದ್ ಮಾಡಿದ ತಕ್ಷಣ ನಿದ್ದೆಗೆ ಜಾರುವುದಿಲ್ಲ. ಮೊದಲು ಹಲವು ಆಂಪಿಯರ್ ಇರುವ ಮೀಟರಿನ ಅಂಕೆ ಒಂದೊಂದು ಕಂಪ್ಯೂಟರ್ ಮಲಗಿದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೊನೆಯ ಮೆಟ್ಟಿಲಿಗೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಯುವುದು ಒಳ್ಳೆಯದು. ಐದು ನಿಮಿಷಕ್ಕೆ ಮೀಟರ್ ನೋಡಿ ತೀರ್ಪು ಕೊಟ್ಟರೆ ಅದನ್ನು ನಾನು ಒಪ್ಪುವುದಿಲ್ಲ.

ಹಲವು ಹೈಬ್ರಿಡ್‌ಗಳಲ್ಲಿ ಚಾಲಕನ ಬಾಗಿಲು ತೆರೆದೊಡನೆ ಬ್ರೇಕಿನ ಪಂಪ್ ಗುರ್ರೆಂದು ಓಡುವುದು ಕೇಳಿಸುತ್ತದೆ. ಪರೀಕ್ಷೆಯ ನಡುವೆ ಹೀಗಾದರೆ ಕಾಯ್ದದ್ದೆಲ್ಲ ವ್ಯರ್ಥ, ಮೀಟರಿನ ಒಳಗಿನ 10 ಆಂಪಿಯರ್ ಫ್ಯೂಸೂ ಸುಡಬಹುದು. ಆದ್ದರಿಂದ ಫ್ಯೂಸ್ ಡಬ್ಬಿಯ ಮುಚ್ಚಳವನ್ನು ಮೊದಲೇ ತೆಗೆದಿಡಿ. ತೆರೆದಿರಲೇಬೇಕಾದ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಕೀಲಿಯನ್ನು ಮನೆಯೊಳಗೆ ದೂರ ಇಡಿ. ತಂತಿಯ ಸುತ್ತ ಹಿಡಿದೇ ಮಿಲಿ ಆಂಪಿಯರ್ ಅಳೆಯಬಲ್ಲ ಡಿಸಿ ಕ್ಲ್ಯಾಂಪ್ ಮೀಟರ್ ಸಿಕ್ಕರೆ ತಂತಿಯನ್ನೇ ಬಿಚ್ಚಬೇಕಾಗಿಲ್ಲ.

ಕಾರು ಮಲಗಿದ ಮೇಲೂ 100 ಮಿಲಿ ಆಂಪಿಯರ್ ದಾಟಿದ್ದರೆ ಅದು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ಹಾಕಿದರೆ ಮಲಗಿದ ಕಂಪ್ಯೂಟರ್‌ಗಳು ಮತ್ತೆ ಏಳುತ್ತವೆ. ಅದರ ಬದಲು ಫ್ಯೂಸಿನ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆಯಿರಿ. ಕರೆಂಟ್ ಹರಿಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. 10 ಆಂಪಿಯರಿನ ಸಣ್ಣ ಫ್ಯೂಸಿನಲ್ಲಿ 100 ಮಿಲಿ ಆಂಪಿಯರ್ ಹರಿಯುತ್ತಿದ್ದರೆ ಸುಮಾರು 0.7 ಮಿಲಿವೋಲ್ಟ್ ಬರುತ್ತದೆ. ಆ ಫ್ಯೂಸ್ ಯಾವುದಕ್ಕೆ ಹೋಗುತ್ತದೆ ಎಂಬುದು ಕಾರಿನ ಕೈಪಿಡಿಯಲ್ಲಿಯೇ ಇರುತ್ತದೆ. ಹೊರಗೆ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಆಂಡ್ರಾಯ್ಡ್ ಸ್ಟೀರಿಯೋ ಇದ್ದರೆ ಮೊದಲ ಅನುಮಾನ ಅವುಗಳ ಮೇಲೆಯೇ ಇರಲಿ. ಡಿಕ್ಕಿ ಮುಚ್ಚಿದರೂ ಆರದ ದೀಪ, ಅಂಟಿಕೊಂಡ ರಿಲೇ ಆಮೇಲಿನವು.

ಈ ಕೆಲಸವೆಲ್ಲ 12 ವೋಲ್ಟ್ ಕಡೆಯದು. ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಕ್ಕೆ ಅಪಾಯವಾಗುವಷ್ಟು ವೋಲ್ಟೇಜ್ ಇರುತ್ತದೆ. ಅವುಗಳನ್ನು ನೀವೂ ಮುಟ್ಟಬೇಡಿ, ಹೈಬ್ರಿಡ್ ತರಬೇತಿ ಇಲ್ಲದ ಮೆಕ್ಯಾನಿಕ್‌ಗೂ ಮುಟ್ಟಲು ಬಿಡಬೇಡಿ.

ಸೋರಿಕೆ ಸಿಗುವವರೆಗೆ ವಾರಕ್ಕೊಮ್ಮೆ ಒಂದು ಗಂಟೆ ಕಾರನ್ನು ಗಾಳಿಯಾಡುವ ಜಾಗದಲ್ಲಿ, ಪಿ ಗೇರಿನಲ್ಲಿ, ರೆಡಿ ಸ್ಥಿತಿಯಲ್ಲಿ ನಿಲ್ಲಿಸಿ; ಇಂಜಿನ್ ನಡುನಡುವೆ ತಾನಾಗಿ ಚಾಲೂ ಆಗುವುದರಿಂದ ಕಾರನ್ನು ಬಿಟ್ಟು ಹೋಗಬೇಡಿ. ದೀರ್ಘಕಾಲ ಊರು ಬಿಡುವುದಾದರೆ ನೆಗೆಟಿವ್ ತಂತಿ ಬಿಚ್ಚಿಡಬಹುದು. ಬ್ಯಾಟರಿ ಡಿಕ್ಕಿಯಲ್ಲಿದ್ದು ಅದರ ಲಾಕ್ ವಿದ್ಯುತ್ತಿನಿಂದಲೇ ತೆರೆಯುವಂಥದ್ದಾಗಿದ್ದರೆ, ಬ್ಯಾಟರಿ ಇಲ್ಲದೆ ಅದನ್ನು ತೆರೆಯುವ ಬಗೆಯನ್ನು ಕೈಪಿಡಿಯಲ್ಲಿ ಓದಿಕೊಂಡ ಮೇಲಷ್ಟೇ ಡಿಕ್ಕಿ ಮುಚ್ಚಿರಿ.