ಪಕ್ಕದ ಚಾಪೆಯ ಹುಡುಗ

ಪ್ರಶ್ನೆ: ಇಂಡೋನೇಷ್ಯಾದ ಪೆಸಾಂತ್ರೆನ್‌ಗಳಲ್ಲಿ, ಅಂದರೆ ಅಲ್ಲಿನ ಇಸ್ಲಾಮಿಕ್ ವಸತಿ ಶಾಲೆಗಳಲ್ಲಿ, ಸೀನಿಯರ್‌ಗಳು ಕಿರಿಯರಿಗೆ ಹೊಡೆದ ಸುದ್ದಿ ಆಗಾಗ ಬರುತ್ತದೆ. ಏಟು ತಿಂದವರ ಪಾಡು ಅರ್ಥವಾಗುತ್ತದೆ. ಬರೀ ನೋಡಿದ ಮಕ್ಕಳೂ ಕುಗ್ಗುತ್ತಾರೆಯೇ?

ಕುಗ್ಗುತ್ತಾರೆ. ಮೈಮೇಲೆ ಬಾಸುಂಡೆ ಇರುವುದಿಲ್ಲವಾದ್ದರಿಂದ ಯಾರೂ ವಿಚಾರಿಸುವುದಿಲ್ಲ, ಅಷ್ಟೆ. ಬ್ರಿಟನ್ನಿನ 14 ಶಾಲೆಗಳ 2,002 ಮಕ್ಕಳನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡುಕೊಂಡಿತು: ಕಿರುಕುಳ ಅನುಭವಿಸಿದ್ದು, ಕೊಟ್ಟದ್ದು ಎರಡನ್ನೂ ಬದಿಗಿಟ್ಟು ಲೆಕ್ಕ ಹಾಕಿದರೂ, ನೋಡಿದ್ದರಿಂದಲೇ ಮನಸ್ಸಿನ ಆರೋಗ್ಯ ಕೆಡುವ ಅಪಾಯ ಹೆಚ್ಚಿತ್ತು.

ಸಾಮಾನ್ಯ ಶಾಲೆಯ ಮಗು ಸಂಜೆ ಮನೆಗೆ ಹೋಗುತ್ತದೆ. ಪೆಸಾಂತ್ರೆನ್‌ನ ವಿದ್ಯಾರ್ಥಿಗೆ, ಅಲ್ಲಿಯವರ ಮಾತಿನಲ್ಲಿ ‘ಸಾಂತ್ರಿ’ಗೆ, ಆ ಸಂಜೆಯೇ ಇಲ್ಲ. ಒಂದೇ ಕೋಣೆಯಲ್ಲಿ ಎಷ್ಟೋ ಮಂದಿ ಸಾಲಾಗಿ ಮಲಗುತ್ತಾರೆ. ನಡುರಾತ್ರಿ ಪಕ್ಕದವನನ್ನು ಎಬ್ಬಿಸಿಕೊಂಡು ಹೋದರೆ, ಇವನು ಸಾರುಂಗನ್ನು, ಅಂದರೆ ಉಟ್ಟ ಲುಂಗಿಯನ್ನು, ಮುಖದ ಮೇಲೆಳೆದು ನಿದ್ದೆ ಹತ್ತಿದವನಂತೆ ಬಿದ್ದಿರಬೇಕು. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಯನ್ನೇನು ಮಾಡುವುದು? ಬೆಳಗಿನ ಜಾವದ ನಮಾಜಿಗೆ ಹೊಡೆದವನು, ಹೊಡೆಸಿಕೊಂಡವನು, ಕೇಳಿಸಿಕೊಂಡವನು ಮೂವರೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ಹೇಳೋಣವೆಂದರೆ ಯಾರಿಗೆ? ಗುರುಗಳಾದ ಕಿಯಾಯಿ ಬಹಳ ಎತ್ತರದಲ್ಲಿರುತ್ತಾರೆ. ಕೋಣೆಯ ಶಿಸ್ತು ನೋಡಿಕೊಳ್ಳುವವರು ಸಾಮಾನ್ಯವಾಗಿ ಹಿರಿಯ ಸಾಂತ್ರಿಗಳೇ, ಕೈ ಎತ್ತುವವರೂ ಕೆಲವೊಮ್ಮೆ ಅವರೇ. 2022ರ ಆಗಸ್ಟ್‌ನಲ್ಲಿ ಪೂರ್ವ ಜಾವಾದ ಪೊನೊರೊಗೊದಲ್ಲಿ 17ರ ಹುಡುಗನೊಬ್ಬ ಸೀನಿಯರ್‌ಗಳ ಏಟಿಗೆ ಸತ್ತ. ಕ್ಯಾಂಪಿನ ಸಾಮಾನು ಕಾಣೆಯಾದದ್ದೇ ನೆಪ. ಆಯಾಸದಿಂದ ತೀರಿಕೊಂಡ ಎಂದು ಮನೆಯವರಿಗೆ ಮೊದಲು ಹೇಳಿದ್ದರು. ದೊಡ್ಡವರೇ ಹೀಗೆ ಮುಚ್ಚಿಟ್ಟರೆ ಕಂಡ ಮಗು ಬಾಯಿ ಬಿಟ್ಟೀತೇ?

ಭಯ ಒಂದು ಪಾಲು. ನಾಳೆ ನನ್ನ ಸರದಿ ಎಂಬ ದಿಗಿಲಿಗೆ ಊಟ ಸೇರುವುದಿಲ್ಲ, ಬಾಯಿಪಾಠ ತಪ್ಪುತ್ತದೆ. ಕೆಲವರು ಹೊಡೆಯುವವರ ಗುಂಪಿಗೇ ಸೇರಿಕೊಳ್ಳುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು, ತಪ್ಪಿತಸ್ಥನೆಂಬ ಭಾವ. ಕೆಟ್ಟದ್ದನ್ನು ಕಂಡರೆ ಕೈಯಿಂದ ತಡೆಯಿರಿ, ಆಗದಿದ್ದರೆ ನಾಲಿಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ ಎಂಬ ಹದೀಸನ್ನು, ಅಂದರೆ ಪ್ರವಾದಿಯವರ ಮಾತನ್ನು, ನೋಡಿದ ಹುಡುಗ ಅಲ್ಲೇ ಕಲಿಯುತ್ತಾನೆ. ಹಗಲು ಓದಿದ್ದು ರಾತ್ರಿ ಅವನನ್ನೇ ಚುಚ್ಚುತ್ತದೆ. ಹನ್ನೆರಡರ ಹುಡುಗನಿಗೆ ಆ ಮೂರನೆಯ ಮೆಟ್ಟಿಲೂ ಅದೇ ಹದೀಸಿನಲ್ಲಿದೆ ಎಂದು ಪಕ್ಕದಲ್ಲಿ ಕೂತು ಯಾರಾದರೂ ಹೇಳಬೇಕು. ಕೈಯಿಂದ ತಡೆಯುವುದು ದೊಡ್ಡವರ ಕೆಲಸ.

ನೋಡಲು ಹೋದ ಅಪ್ಪ ಅಮ್ಮ ‘ನಿನಗೆ ಯಾರಾದರೂ ಹೊಡೆದರಾ?’ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತಾನೆ, ಅದು ನಿಜವೂ ಹೌದು. ‘ನಿನ್ನ ಕೋಣೆಯಲ್ಲಿ ರಾತ್ರಿ ಯಾರು ಅಳುತ್ತಾರೆ?’ ಎಂದು ಕೇಳಿ ನೋಡಿ.