ಯಾರನ್ನೂ ಮನೆಗೆ ಕಳಿಸದಿದ್ದರೂ ಕಾಂಬೊ ಕೆಲಸ ಹೋಗುವುದು ಹೇಗೆ?

ಪ್ರಶ್ನೆ: ಅಮೆರಿಕದ ಪಾರ್ಸೆಲ್ ಕಂಪನಿ ಯುಪಿಎಸ್‌ನಲ್ಲಿ ಪೂರ್ಣಾವಧಿಯ ‘ಕಾಂಬೊ’ ಕೆಲಸಗಳು, ಅಂದರೆ ಎರಡು ಪಾಳಿ ಜೋಡಿಸಿ ಒಬ್ಬರಿಗೇ ಕೊಡುವ ಕೆಲಸಗಳು, ಕೈತಪ್ಪುತ್ತಿವೆ ಎಂದು ಕಾರ್ಮಿಕ ಸಂಘದವರು ದೂರುತ್ತಾರೆ. ವಿಚಾರಿಸಿದರೆ ಎಷ್ಟೋ ಕಡೆ ಆ ಕೆಲಸದಲ್ಲಿದ್ದ ಯಾರನ್ನೂ ವಜಾ ಮಾಡಿರುವುದಿಲ್ಲ. ಹಾಗಾದರೆ ಹೋಗುತ್ತಿರುವುದು ಏನು?

ಉತ್ತರ: ಇದು ತಿಳಿಯಬೇಕಾದರೆ ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಆ ಕಂಪನಿಯ ಒಂದು ಕಟ್ಟಡದೊಳಗೆ ನಿಂತು ನೋಡಬೇಕು. ಕಂದು ಬಣ್ಣದ ವ್ಯಾನುಗಳು ಹಿಂಬಾಗಿಲು ತೆರೆದುಕೊಂಡು ಸಾಲಾಗಿ ನಿಂತಿರುತ್ತವೆ. ಪಕ್ಕದಲ್ಲಿ ಬೆಲ್ಟ್ ಓಡುತ್ತಿರುತ್ತದೆ. ಒಬ್ಬ ಲೋಡರ್‌ನ ಪಾಲಿಗೆ ಮೂರು ನಾಲ್ಕು ವ್ಯಾನು. ಪಾರ್ಸೆಲ್‌ಗೆ ಅಂಟಿಸಿದ ಚೀಟಿಯಲ್ಲಿ ಯಾವ ವ್ಯಾನು, ಯಾವ ಕಪಾಟು ಎಂದು ಬರೆದಿರುತ್ತದೆ. ಕಪಾಟುಗಳಿಗೆ 1000ದಿಂದ 8000ದವರೆಗೆ ಸಂಖ್ಯೆ. ಲೋಡರ್ ಚೀಟಿ ಓದಬೇಕು, ಪೆಟ್ಟಿಗೆ ಎತ್ತಬೇಕು, ವ್ಯಾನು ಹತ್ತಿ ಸರಿಯಾದ ಜಾಗದಲ್ಲಿ ಇಡಬೇಕು, ಇಳಿದು ಬರುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಒಂದೊಂದು ಪಾರ್ಸೆಲ್ 150 ಪೌಂಡ್, ಅಂದರೆ 68 ಕಿಲೋವರೆಗೂ ತೂಗಬಹುದು. ಬೆಳಕು ಹರಿದು ವ್ಯಾನುಗಳು ಊರೊಳಕ್ಕೆ ಹೊರಟವೆಂದರೆ ಆ ಪಾಳಿ ಮುಗಿಯಿತು.

ಪಾರ್ಸೆಲ್ ಉದ್ಯಮದ ದಿನವೇ ಹೀಗೆ ತುಂಡು ತುಂಡು. ಬೆಳಗಿನ ಜಾವಕ್ಕೊಂದು ಪಾಳಿ, ಹಗಲಿಗೊಂದು, ಸಂಜೆಗೊಂದು, ರಾತ್ರಿಗೊಂದು. ಪ್ರತಿ ತುಂಡಿಗೂ ಬೇರೆ ಬೇರೆ ಅರೆಕಾಲಿಕ ಕಾರ್ಮಿಕರನ್ನು ಇಟ್ಟುಕೊಂಡರೆ ಕಂಪನಿಗೆ ಅನುಕೂಲ. ಕಂಪನಿ ಮತ್ತು ಕಾರ್ಮಿಕ ಸಂಘದ ನಡುವಿನ ಒಪ್ಪಂದದ ಪ್ರಕಾರ ಅರೆಕಾಲಿಕ ಕಾರ್ಮಿಕನಿಗೆ ದಿನಕ್ಕೆ ಮೂರೂವರೆ ಗಂಟೆಯ ಕೂಲಿ ಖಾತ್ರಿ. ವಾರಕ್ಕೆ ಐದು ದಿನವೆಂದರೆ ಹದಿನೇಳೂವರೆ ಗಂಟೆ. ಗಂಟೆಯ ದರ ಎಷ್ಟೇ ಚೆನ್ನಾಗಿರಲಿ, ಹದಿನೇಳೂವರೆ ಗಂಟೆಯಲ್ಲಿ ಸಂಸಾರ ಸಾಗುವುದಿಲ್ಲ.

ಎರಡು ಬೇರೆ ಪಾಳಿಗಳ ಕೆಲಸವನ್ನು ಒಟ್ಟಿಗೆ ಗಂಟು ಹಾಕಿ ಒಬ್ಬರಿಗೇ ಕೊಟ್ಟು, ದಿನಕ್ಕೆ ಎಂಟು ಗಂಟೆಯ ಕೂಲಿ ಕೊಟ್ಟರೆ ಅದು ಕಾಂಬೊ ಕೆಲಸ. ಬೆಳಿಗ್ಗೆ ವ್ಯಾನು ತುಂಬಿಸಿದವರೇ ಆಮೇಲೆ ಗುಮಾಸ್ತಿಕೆ ಮಾಡಬಹುದು, ವ್ಯಾನು ತೊಳೆಯಬಹುದು, ವಿಮಾನದಲ್ಲಿ ಬಂದ ತುರ್ತು ಪಾರ್ಸೆಲ್‌ಗಳನ್ನು ಮುಟ್ಟಿಸಬಹುದು. ಒಪ್ಪಂದದ 22ನೇ ವಿಧಿಯ 3ನೇ ಸೆಕ್ಷನ್‌ನಲ್ಲಿ ಇದರ ವಿವರ ಇರುವುದರಿಂದ ಕಾರ್ಮಿಕರ ಬಾಯಲ್ಲಿ ಇದು ಬರೀ ‘22.3’. ಚಾಲಕರಷ್ಟು ಸಂಬಳ ಇಲ್ಲ. ಆದರೆ ವಾರಕ್ಕೆ ನಲವತ್ತು ಗಂಟೆಯ ದುಡಿಮೆ, ಪೂರ್ಣಾವಧಿಯ ಲೆಕ್ಕದಲ್ಲಿ ಪಿಂಚಣಿ ಮತ್ತು ರಜೆ ಸಿಗುತ್ತವೆ. ಆರೋಗ್ಯ ವಿಮೆಗಾಗಿ ಜನ ಕಾಂಬೊ ಬಯಸುತ್ತಾರೆ ಎಂದು ಕೆಲವರು ಭಾವಿಸುತ್ತಾರೆ; ಹಾಗಲ್ಲ, ಅಲ್ಲಿ ನಿಗದಿತ ಅವಧಿ ಪೂರೈಸಿದ ಅರೆಕಾಲಿಕರಿಗೂ ವಿಮೆ ಇದೆ. ಬೆಳಿಗ್ಗೆ ಒಂದು ಕಡೆ ದುಡಿದು, ಸಂಜೆ ಊರಿನ ಇನ್ನೊಂದು ಮೂಲೆಗೆ ಎರಡನೆಯ ಕೆಲಸಕ್ಕೆ ಓಡುವುದು ತಪ್ಪುತ್ತದಲ್ಲ, ಅವರಿಗೆ ಬೇಕಾಗಿರುವುದು ಅದು.

ಈ ಕೆಲಸಗಳನ್ನು ಕಂಪನಿ ತಾನಾಗಿ ಕೊಟ್ಟಿದ್ದಲ್ಲ. 1982ರ ಒಪ್ಪಂದದಲ್ಲಿ ಹೊಸ ಅರೆಕಾಲಿಕರ ಕೂಲಿಯನ್ನು ಗಂಟೆಗೆ 8 ಡಾಲರ್‌ಗೆ ಇಳಿಸಲಾಗಿತ್ತು. ಹದಿನೈದು ವರ್ಷ ಕಳೆದರೂ ಆ ಆರಂಭದ ದರ ಅಲ್ಲೇ ನಿಂತಿತ್ತು. ಅಷ್ಟರಲ್ಲಿ ಅರೆಕಾಲಿಕರ ಸಂಖ್ಯೆ ಅರ್ಧವನ್ನು ಮೀರಿತ್ತು. 1997ರ ಆಗಸ್ಟ್ 4ರಂದು ಟೀಮ್‌ಸ್ಟರ್ಸ್ ಸಂಘದ ಸುಮಾರು 1,85,000 ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಗ ಸಂಘದ ಅಧ್ಯಕ್ಷರಾಗಿದ್ದವರು ರಾನ್ ಕೇರಿ. ಹದಿನೈದು ದಿನ ದೇಶದ ಪಾರ್ಸೆಲ್ ಸಾಗಾಟ ಅಸ್ತವ್ಯಸ್ತವಾದರೂ ಜನ ಕಾರ್ಮಿಕರ ಮೇಲೆ ಮುನಿಯಲಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 55ರಷ್ಟು ಮಂದಿ ಕಾರ್ಮಿಕರ ಪರ ನಿಂತರು, ಕಂಪನಿಯ ಪರ ಶೇ 27. ಅರೆಹೊಟ್ಟೆಯ ಕೆಲಸ ಏನೆಂಬುದು ಅಷ್ಟು ಮನೆಗಳಿಗೆ ಗೊತ್ತಿತ್ತು. ಕೊನೆಗೆ ಕಂಪನಿ, ಅರೆಕಾಲಿಕ ಕೆಲಸಗಳನ್ನು ಜೋಡಿಸಿ ಐದು ವರ್ಷದಲ್ಲಿ 10,000 ಪೂರ್ಣಾವಧಿ ಕೆಲಸ ಸೃಷ್ಟಿಸಲು ಒಪ್ಪಿತು.

ಒಪ್ಪಿದ ಮರುವರ್ಷವೇ, ವ್ಯಾಪಾರ ಕುಸಿದಿದೆ ಎಂದು ಹೇಳಿ ಹಿಂದೆ ಸರಿಯಿತು. 2000ನೇ ಇಸವಿಯಲ್ಲಿ ಮಧ್ಯಸ್ಥಗಾರರ ತೀರ್ಪು ಸಂಘದ ಪರವಾಗಿ ಬಂದ ಮೇಲೆಯೇ ಆ ಕೆಲಸಗಳು ಕೈಗೆ ಬಂದದ್ದು. ಕಾಗದದಲ್ಲಿ ಬರೆದ ಸಂಖ್ಯೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು ಎಂಬ ಎಚ್ಚರ ಸಂಘದವರಲ್ಲಿ ಹುಟ್ಟಿದ್ದು ಆ ಅನುಭವದಿಂದ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹಾಕಿದ ಗಂಟು ಬಿಚ್ಚಿಕೊಂಡರೆ ಸಾಕು, ಕಾಂಬೊ ಕೆಲಸ ಹೋಯಿತು. ಮೂವತ್ತು ವರ್ಷ ದುಡಿದ ಒಬ್ಬರು ನಿವೃತ್ತರಾಗುತ್ತಾರೆ ಎಂದಿಟ್ಟುಕೊಳ್ಳಿ. ಆ ಜಾಗವನ್ನು ಸೂಚನಾ ಫಲಕದಲ್ಲಿ ಹಾಕಿ, ಅರ್ಜಿ ಕರೆದು, ಸೇವಾ ಹಿರಿತನದ ಮೇಲೆ ಮುಂದಿನವರಿಗೆ ಕೊಡಬೇಕು. ಹಾಗೆ ಮಾಡದೆ ಬೆಳಗಿನ ಅರ್ಧವನ್ನು ಒಬ್ಬ ಹೊಸಬನಿಗೂ ಹಗಲಿನ ಅರ್ಧವನ್ನು ಇನ್ನೊಬ್ಬನಿಗೂ ವಹಿಸಿದರೆ ಆಯಿತು. ಯಾರಿಗೂ ವಜಾ ಪತ್ರ ಹೋಗಲಿಲ್ಲ. ಕಟ್ಟಡದಲ್ಲಿ ತಲೆಗಳ ಸಂಖ್ಯೆ ಒಂದು ಹೆಚ್ಚೇ ಆಯಿತು! ಆದರೆ ಒಂದು ಸಂಸಾರ ನಡೆಸಬಹುದಾಗಿದ್ದ ಕೆಲಸ ಇಲ್ಲವಾಯಿತು. ಇದನ್ನು ಹಿಡಿಯಬೇಕಾದರೆ ಪಾಳಿಯಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸಿದರೆ ಸಾಲದು, 22.3ರ ಪಟ್ಟಿಯಲ್ಲಿ ಎಷ್ಟು ಹೆಸರು ಉಳಿದಿವೆ ಎಂದು ಎಣಿಸಬೇಕು. ಹೆಸರು ಕಡಿಮೆಯಾದರೆ ಸಂಘ ಲಿಖಿತ ದೂರು ಸಲ್ಲಿಸುತ್ತದೆ. ದೂರು ತೀರ್ಮಾನವಾಗುವವರೆಗೆ ಜಾಗ ಖಾಲಿ.

ಇಡೀ ಪಾಳಿಯನ್ನೇ ರದ್ದು ಮಾಡಿದಾಗ ಏಟು ಇನ್ನೂ ಜೋರು. ಸಂಜೆಯ ಪಾಳಿ ನಿಂತರೆ ಅದರೊಂದಿಗೆ ಗಂಟು ಬಿದ್ದಿದ್ದ ಅಷ್ಟೂ ಕಾಂಬೊಗಳು ಒಂಟಿಕಾಲಿನ ಮೇಲೆ ನಿಲ್ಲುತ್ತವೆ. ಹಿರಿತನ ಇದ್ದವರು ಬೇರೆ ಜಾಗ ಹಿಡಿಯುತ್ತಾರೆ, ಕಿರಿಯರು ಮತ್ತೆ ಅರೆಕಾಲಿಕಕ್ಕೆ ಇಳಿಯುವ ಭಯದಲ್ಲಿ ಇರುತ್ತಾರೆ.

ಒಂದು ಗೊಂದಲವನ್ನೂ ಬಿಡಿಸಬೇಕು. ಜೋಡಿಸಿದ ಕೆಲಸಗಳೆಲ್ಲ ಕಾರ್ಮಿಕರಿಗೆ ಹಿತವಾದವೇನಲ್ಲ. 2018ರ ಒಪ್ಪಂದದಲ್ಲಿ ‘22.4’ ಎಂಬ ಇನ್ನೊಂದು ವರ್ಗ ಬಂತು. ಇದರಲ್ಲೂ ಎರಡು ಕೆಲಸ: ವ್ಯಾನು ಓಡಿಸುವುದು, ಬೇಕಾದಾಗ ಒಳಗಿನ ಕೆಲಸ ಮಾಡುವುದು. ಆದರೆ ಮಾಮೂಲಿ ಚಾಲಕನಂತೆಯೇ ಮನೆ ಮನೆಗೆ ಪಾರ್ಸೆಲ್ ಹಂಚಿದರೂ ಗರಿಷ್ಠ ವೇತನ ಮಾತ್ರ ಅವನಿಗಿಂತ ಕಡಿಮೆ. 22.3 ಅರ್ಧ ಕೆಲಸದವರನ್ನು ಮೇಲಕ್ಕೆ ಎತ್ತಿತು; 22.4 ಪೂರ್ತಿ ಕೆಲಸದವರನ್ನು ಕೆಳಕ್ಕೆ ಎಳೆಯಿತು. ಆ ಒಪ್ಪಂದವನ್ನು ಮತ ಹಾಕಿದವರಲ್ಲಿ ಶೇ 54ರಷ್ಟು ಮಂದಿ ತಿರಸ್ಕರಿಸಿದ್ದರು. ಮತದಾನ ಅರ್ಧಕ್ಕಿಂತ ಕಡಿಮೆ ಆಗಿದ್ದರೆ ತಿರಸ್ಕರಿಸಲು ಮೂರನೇ ಎರಡು ಭಾಗ ಬೇಕು ಎಂಬ ಹಳೆಯ ನಿಯಮ ತೋರಿಸಿ ಸಂಘದ ಅಂದಿನ ನಾಯಕತ್ವವೇ ಅದನ್ನು ಜಾರಿಗೆ ತಂದಿತು. ಆ ಸಿಟ್ಟು ಸಂಘದೊಳಗೆ ವರ್ಷಗಟ್ಟಲೆ ಉರಿಯಿತು; ಸಿಟ್ಟಾಗಿದ್ದು ನ್ಯಾಯವೇ ಎನ್ನುತ್ತೇನೆ. 2023ರ ಒಪ್ಪಂದದಲ್ಲಿ 22.4 ರದ್ದಾಯಿತು, ಜೊತೆಗೆ 7,500 ಹೊಸ ಪೂರ್ಣಾವಧಿ ಕೆಲಸಗಳ ಭರವಸೆ ಸಿಕ್ಕಿತು. ಈ ಸಲ ಶೇ 86.3ರಷ್ಟು ಮಂದಿ ಒಪ್ಪಿಗೆ ಕೊಟ್ಟರು.

ಎರಡು ಕೆಲಸ ಒಬ್ಬರಿಗೇ ಕೊಟ್ಟರೆ ಇನ್ನೊಬ್ಬರ ಅನ್ನಕ್ಕೆ ಕಲ್ಲು ಬೀಳುವುದಿಲ್ಲವೇ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಮಾತು. ಆದರೆ ಬೆಲ್ಟ್ ಪಕ್ಕದ ಕೆಲಸದಲ್ಲಿ ಹೊಸಬರು ಬಹಳ ದಿನ ನಿಲ್ಲುವುದಿಲ್ಲ. ಕೆಲವು ವಾರಗಳಲ್ಲೇ ಬಿಟ್ಟು ಹೋಗುವವರು ಧಾರಾಳ. ಹಾಗೆ ತೆರವಾದ ಪಾಳಿಗಳನ್ನು ಜೋಡಿಸಿದರೆ ಯಾರ ತುತ್ತನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಪಾರ್ಸೆಲ್‌ಗಳೇ ಕಡಿಮೆಯಾದಾಗ ಈ ಸಮಾಧಾನ ಸಾಲದು.

ಈಗ ಆಗುತ್ತಿರುವುದು ಅದೇ. ತನ್ನ ಅತಿ ದೊಡ್ಡ ಗ್ರಾಹಕ ಅಮೆಜಾನ್‌ನ ಪಾರ್ಸೆಲ್‌ಗಳನ್ನು 2026ರ ಉತ್ತರಾರ್ಧದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಇಳಿಸುವುದಾಗಿ ಕಂಪನಿ 2025ರ ಜನವರಿಯಲ್ಲಿ ಪ್ರಕಟಿಸಿತು; ಅವುಗಳಲ್ಲಿ ಲಾಭ ಕಡಿಮೆ ಎಂಬುದು ಕಾರಣ. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ 48,000 ಹುದ್ದೆ ಕಡಿತವಾಗಿತ್ತು, 93 ಕಟ್ಟಡಗಳ ಕೆಲಸ ನಿಂತಿತ್ತು. ಉಳಿದ ಕಟ್ಟಡಗಳಲ್ಲಿ ಪಾರ್ಸೆಲ್ ವಿಂಗಡಿಸುವ ಯಂತ್ರಗಳು ಹೆಚ್ಚುತ್ತಿವೆ. ಪಾರ್ಸೆಲ್ ಇಲ್ಲದಿದ್ದರೆ ಕೆಲಸ ಎಲ್ಲಿಂದ ತರೋಣ ಎನ್ನುವ ಕಂಪನಿಯ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಯಾವ ಪಾರ್ಸೆಲ್ ಬೇಡ ಎಂದು ತೀರ್ಮಾನಿಸಿದ್ದು ಕಂಪನಿ. ಅದರ ಭಾರವನ್ನು 7,500ರ ಭರವಸೆಯ ಮೇಲೆ ಹೊರಿಸುವುದು ಸರಿಯಲ್ಲ.

ಈಗಿನ ಒಪ್ಪಂದ 2028ರ ಜುಲೈ 31ರವರೆಗೆ ಇದೆ. ಹತ್ತು ಹನ್ನೆರಡು ವರ್ಷ ಅರೆಕಾಲಿಕರಾಗಿ ಬೆಲ್ಟ್ ಪಕ್ಕ ನಿಂತವರು ಹಿರಿತನದ ಪಟ್ಟಿಯಲ್ಲಿ ತಮ್ಮ ಮೇಲೆ ಇನ್ನೆಷ್ಟು ಹೆಸರಿವೆ ಎಂದು ಲೆಕ್ಕ ಹಾಕುತ್ತಿರುತ್ತಾರೆ. ಸೂಚನಾ ಫಲಕದಲ್ಲಿ 22.3ರ ಒಂದು ಹಾಳೆ ಬಿದ್ದರೆ ಆ ಪಟ್ಟಿ ಒಂದು ಹೆಜ್ಜೆ ಮುಂದೆ ಸರಿಯುತ್ತದೆ.